ಹಲ್ಲಿಗೆ ಕ್ಯಾಪ್ ಹಾಕಿಸುವ ಮುನ್ನ: ಸಹಜ ಹಲ್ಲಿನ ಸಂರಕ್ಷಣೆ ಕುರಿತು ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಹುಳುಕಿನಿಂದ ಶಿಥಿಲವಾದ, ಪೆಟ್ಟಿನಿಂದ ಮುರಿದ ಅಥವಾ ರೂಟ್ ಕೆನಾಲ್ ಚಿಕಿತ್ಸೆಗೆ ಒಳಗಾದ ಹಲ್ಲನ್ನು ಉಳಿಸಿಕೊಳ್ಳಲು ಅದರ ಮೇಲೆ ತೊಡಿಸುವ ಕೃತಕ ಹೊದಿಕೆಯನ್ನು ದಂತವೈದ್ಯಶಾಸ್ತ್ರದಲ್ಲಿ ಕ್ರೌನ್ ಎಂದೂ ಜನಬಳಕೆಯಲ್ಲಿ ಕ್ಯಾಪ್ ಎಂದೂ ಕರೆಯಲಾಗುತ್ತದೆ. ಈ ಹೊದಿಕೆಗೆ ತನ್ನದೇ ಆದ ದಪ್ಪವಿರುತ್ತದೆ. ಆ ದಪ್ಪಕ್ಕೆ ಸ್ಥಳ ಒದಗಿಸುವ ಸಲುವಾಗಿ ಹಲ್ಲನ್ನು ಮೇಲ್ಭಾಗದಲ್ಲಿಯೂ ಸುತ್ತಲೂ ತೇಯಬೇಕಾಗುತ್ತದೆ. ಹೀಗೆ ತೇಯ್ದ ಭಾಗವು ಮತ್ತೆ ಬೆಳೆಯುವುದಿಲ್ಲ. ಹಾಳಾದ ಕ್ಯಾಪನ್ನು ತೆಗೆದು ಬೇರೊಂದನ್ನು ಹಾಕಬಹುದು; ಕಳೆದುಹೋದ ಸಹಜ ಹಲ್ಲನ್ನು ಮರಳಿ ಪಡೆಯಲಾಗದು.

ಕ್ಯಾಪ್ ಹಾಕಿಸಿಕೊಳ್ಳಲು ಬರುವವರು ಅದರ ಬಣ್ಣ, ಬೆಲೆ ಹಾಗೂ ಬಾಳಿಕೆಯ ಬಗ್ಗೆ ವಿಚಾರಿಸುತ್ತಾರೆ. ತಮ್ಮ ಹಲ್ಲನ್ನು ಎಷ್ಟು ತೇಯಲಾಗುವುದು, ಅಷ್ಟು ತೇಯುವ ಅಗತ್ಯವಿದೆಯೇ, ಬೇರೆ ದಾರಿ ಇದೆಯೇ ಎಂದು ವಿಚಾರಿಸುವವರು ವಿರಳ. ಚಿಕಿತ್ಸೆಗೆ ಒಪ್ಪಿಗೆ ನೀಡುವ ಮುನ್ನ ಈ ಪ್ರಶ್ನೆಗಳನ್ನು ಕೇಳಲು ಸಾರ್ವಜನಿಕರಿಗೆ ನೆರವಾಗುವ ಉದ್ದೇಶದಿಂದ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಹಲ್ಲಿನ ರಚನೆ

ಹಲ್ಲು ಮೂರು ಮುಖ್ಯ ಪದರಗಳಿಂದ ಕೂಡಿದೆ.

ಅ) ಎನಾಮೆಲ್: ಇದು ಹೊರಗಿನ ಬಿಳಿಯ ಕವಚ, ಮಾನವ ದೇಹದಲ್ಲಿಯೇ ಅತ್ಯಂತ ಗಟ್ಟಿಯಾದ ವಸ್ತು. ದವಡೆ ಹಲ್ಲುಗಳ ಉಬ್ಬುಗಳ ಮೇಲೆ ಇದರ ದಪ್ಪ ಸುಮಾರು 2ರಿಂದ 2.5 ಮಿ.ಮೀ. ಇದ್ದು, ವಸಡಿನ ಕಡೆಗೆ ಬಂದಂತೆ ತೀರಾ ತೆಳುವಾಗುತ್ತದೆ. ಎನಾಮೆಲ್ ರೂಪಿಸುವ ಜೀವಕೋಶಗಳು ಹಲ್ಲು ಮೂಡುವ ಹೊತ್ತಿಗೆ ನಾಶವಾಗುವುದರಿಂದ, ಒಮ್ಮೆ ಹೋದ ಎನಾಮೆಲನ್ನು ದೇಹವು ಮತ್ತೆ ಉತ್ಪಾದಿಸಲಾರದು.

ಆ) ಡೆಂಟಿನ್: ಎನಾಮೆಲ್‌ನ ಒಳಗಿರುವ ಹಳದಿ ಛಾಯೆಯ ಪದರ. ಇದರಲ್ಲಿ ಬರಿಗಣ್ಣಿಗೆ ಕಾಣದ ಸೂಕ್ಷ್ಮ ನಾಳಗಳಿದ್ದು, ಒಂದು ಚದರ ಮಿ.ಮೀ. ವಿಸ್ತೀರ್ಣದಲ್ಲಿ ಇವು ಹತ್ತಾರು ಸಾವಿರ ಸಂಖ್ಯೆಯಲ್ಲಿರುತ್ತವೆ. ಒಳಕ್ಕೆ ಹೋದಂತೆ ಇವು ಹೆಚ್ಚು ಒತ್ತೊತ್ತಾಗಿಯೂ ಅಗಲವಾಗಿಯೂ ಇರುತ್ತವೆ.

ಇ) ತಿರುಳು: ಹಲ್ಲಿನ ನಡುವೆ ಇರುವ ನರ ಮತ್ತು ರಕ್ತನಾಳಗಳ ಮೃದು ಭಾಗ. ಹದಿಹರೆಯದವರಲ್ಲಿ ಇದು ದೊಡ್ಡದಾಗಿದ್ದು, ವಯಸ್ಸಾದಂತೆ ಕಿರಿದಾಗುತ್ತದೆ.

ಕ್ಯಾಪ್‌ಗಾಗಿ ಹಲ್ಲನ್ನು ತೇಯುವಾಗ ಎನಾಮೆಲ್‌ನ ಬಹುಭಾಗವೂ ಡೆಂಟಿನ್‌ನ ಒಂದಷ್ಟು ಭಾಗವೂ ಹೋಗುತ್ತವೆ. ಉಳಿದ ಡೆಂಟಿನ್ ಎಷ್ಟು ದಪ್ಪವಾಗಿರುತ್ತದೆಯೋ ತಿರುಳಿಗೆ ಅಷ್ಟು ರಕ್ಷಣೆ ದೊರೆಯುತ್ತದೆ.

2. ಎಷ್ಟು ತೇಯಲಾಗುತ್ತದೆ?

ತೇಯುವ ಪ್ರಮಾಣವು ಮುಖ್ಯವಾಗಿ ಕ್ಯಾಪನ್ನು ತಯಾರಿಸುವ ವಸ್ತುವನ್ನು ಅವಲಂಬಿಸಿದೆ. ಸಾಮಾನ್ಯವಾಗಿ ಅನುಸರಿಸಲಾಗುವ ಅಂದಾಜು ಅಳತೆಗಳು ಈ ಕೆಳಕಂಡಂತಿವೆ.

* ಪೂರ್ಣ ಲೋಹದ ಕ್ಯಾಪ್: ಅಗಿಯುವ ಮೇಲ್ಮೈಯಲ್ಲಿ 1ರಿಂದ 1.5 ಮಿ.ಮೀ.; ಅಂಚಿನಲ್ಲಿ ಸುಮಾರು ಅರ್ಧ ಮಿ.ಮೀ.
* ಲೋಹದ ಮೇಲೆ ಪಿಂಗಾಣಿ ಲೇಪಿಸಿದ ಕ್ಯಾಪ್: ಪಿಂಗಾಣಿ ಬರುವ ಅಗಿಯುವ ಮೇಲ್ಮೈಯಲ್ಲಿ 1.5ರಿಂದ 2 ಮಿ.ಮೀ.; ಹೊರಗೆ ಕಾಣುವ ಬದಿಯಲ್ಲಿ 1.2ರಿಂದ 1.5 ಮಿ.ಮೀ.
* ಲಿಥಿಯಂ ಡೈಸಿಲಿಕೇಟ್ ಎಂಬ ಗಾಜುಪಿಂಗಾಣಿಯ ಕ್ಯಾಪ್: ಸುಮಾರು 1ರಿಂದ 1.5 ಮಿ.ಮೀ.
* ಒಂದೇ ಗಟ್ಟಿಯಿಂದ ಕಡೆದ ಜಿರ್ಕೋನಿಯಾ ಕ್ಯಾಪ್: ಅಗಿಯುವ ಮೇಲ್ಮೈಯಲ್ಲಿ ಸುಮಾರು 1 ಮಿ.ಮೀ.; ಬದಿಗಳಲ್ಲಿ ಅದಕ್ಕಿಂತ ಕಡಿಮೆ.

ಈ ಅಂಕಿಗಳು ಚಿಕ್ಕವಾಗಿ ಕಂಡರೂ ಹಲ್ಲಿನ ಗಾತ್ರಕ್ಕೆ ಹೋಲಿಸಿದಾಗ ಅವು ಚಿಕ್ಕವಲ್ಲ. ಎಡೆಲ್‌ಹಾಫ್ ಮತ್ತು ಸೊರೆನ್‌ಸೆನ್ ಎಂಬ ಸಂಶೋಧಕರು ಮಾದರಿ ಹಲ್ಲುಗಳನ್ನು ತೇಯುವ ಮೊದಲು ಮತ್ತು ನಂತರ ತೂಕ ಮಾಡಿ, 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮುಂಭಾಗದ ಹಲ್ಲಿಗೆ ಪೂರ್ಣ ಕ್ಯಾಪ್ ಹಾಕಲು ವಸಡಿನಿಂದ ಮೇಲೆ ಕಾಣುವ ಹಲ್ಲಿನ ಶೇ. 63ರಿಂದ 72ರಷ್ಟು ಭಾಗವನ್ನು ತೆಗೆಯಬೇಕಾಗುತ್ತದೆ. ಮುಂಬದಿಗೆ ಮಾತ್ರ ಅಂಟಿಸುವ ತೆಳುವಾದ ವೆನೀರ್ ಎಂಬ ಪದರಕ್ಕೆ, ಅದರ ವಿನ್ಯಾಸಕ್ಕೆ ಅನುಗುಣವಾಗಿ, ಶೇ. 3ರಿಂದ 30ರಷ್ಟು ಭಾಗವನ್ನು ತೆಗೆದರೆ ಸಾಕಾಗುತ್ತದೆ. ಆರೋಗ್ಯವಾಗಿರುವ ಹಲ್ಲಿಗೆ ಕೇವಲ ಅಂದಕ್ಕಾಗಿ ಕ್ಯಾಪ್ ಬಯಸುವವರು ಈ ಎರಡು ಅಂಕಿಗಳ ನಡುವಿನ ಅಂತರವನ್ನು ಗಮನಿಸುವುದು ಅವಶ್ಯ.

3. ಅಗತ್ಯಕ್ಕಿಂತ ಹೆಚ್ಚು ತೇಯ್ದಲ್ಲಿ ಉಂಟಾಗುವ ತೊಂದರೆಗಳು

ಅ) ತಿರುಳಿಗೆ ಹಾನಿ: ಡೆಂಟಿನ್ ತೆಳುವಾದಷ್ಟೂ ತಿರುಳಿಗೆ ಶಾಖ, ಒಣಗುವಿಕೆ ಮತ್ತು ಸೂಕ್ಷ್ಮಾಣುಗಳ ಬಾಧೆ ಹೆಚ್ಚುತ್ತದೆ. ಝಾಕ್ ಮತ್ತು ಕೋಹೆನ್ ಎಂಬುವವರು 1965ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೋತಿಗಳ ಹಲ್ಲಿನ ತಿರುಳಿನ ಉಷ್ಣತೆಯು ಸುಮಾರು 5.5 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದಾಗ ಶೇ. 15ರಷ್ಟು ಹಲ್ಲುಗಳ ತಿರುಳು ಚೇತರಿಸಿಕೊಳ್ಳಲಿಲ್ಲ. ಹಲ್ಲನ್ನು ತೇಯುವಾಗ ಯಂತ್ರದಿಂದ ನಿರಂತರವಾಗಿ ನೀರು ಚಿಮ್ಮಿಸುವುದು ಈ ಕಾರಣಕ್ಕಾಗಿಯೇ. ತಿರುಳಿಗೆ ಆದ ಹಾನಿಯು ಕೂಡಲೇ ತಿಳಿಯದೆ, ಕ್ಯಾಪ್ ಹಾಕಿಸಿ ವರ್ಷಗಳು ಕಳೆದ ಮೇಲೆ ನೋವು ಅಥವಾ ಕೀವಿನ ರೂಪದಲ್ಲಿ ಕಾಣಿಸಿಕೊಳ್ಳಬಹುದು.

ಆ) ಹಿಡಿತದ ಕೊರತೆ: ತೇಯ್ದ ಹಲ್ಲಿನ ಎದುರುಬದುರು ಗೋಡೆಗಳು ಬಹುತೇಕ ಸಮಾನಾಂತರವಾಗಿದ್ದರೆ ಕ್ಯಾಪ್ ಬಿಗಿಯಾಗಿ ಕೂರುತ್ತದೆ. ಗೋಡೆಗಳು ಅತಿಯಾಗಿ ಇಳಿಜಾರಾಗಿ ಹಲ್ಲು ಶಂಕುವಿನಂತಾದರೆ ಕ್ಯಾಪ್ ಪದೇ ಪದೇ ಕಳಚುತ್ತದೆ. ತೇಯ್ದ ನಂತರ ಮುಂಭಾಗದ ಹಲ್ಲು ಹಾಗೂ ಚಿಕ್ಕ ದವಡೆ ಹಲ್ಲುಗಳಲ್ಲಿ ಕನಿಷ್ಠ 3 ಮಿ.ಮೀ. ಮತ್ತು ದೊಡ್ಡ ದವಡೆ ಹಲ್ಲುಗಳಲ್ಲಿ ಕನಿಷ್ಠ 4 ಮಿ.ಮೀ. ಎತ್ತರ ಉಳಿದಿರಬೇಕೆಂಬುದು ಸಾಮಾನ್ಯ ನಿಯಮ.

ಇ) ಮುರಿಯುವ ಅಪಾಯ: ರೂಟ್ ಕೆನಾಲ್ ಚಿಕಿತ್ಸೆಯಾದ ಹಲ್ಲಿನಲ್ಲಿ ವಸಡಿನ ಮೇಲೆ ಸುತ್ತಲೂ 1.5ರಿಂದ 2 ಮಿ.ಮೀ. ಎತ್ತರದ ಗಟ್ಟಿಯಾದ ಸಹಜ ಹಲ್ಲು ಉಳಿದಿದ್ದು, ಕ್ಯಾಪ್ ಅದನ್ನು ಬಳಸಿ ಹಿಡಿಯಬೇಕು. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ತೊಡಿಸಿದಂತೆ ಇದು ಹಲ್ಲನ್ನು ಸೀಳದಂತೆ ಕಾಯುತ್ತದೆ. ಈ ಪಟ್ಟಿಯಷ್ಟು ಹಲ್ಲೂ ಉಳಿಯದಿದ್ದಲ್ಲಿ ಎಷ್ಟೇ ಬೆಲೆಬಾಳುವ ಕ್ಯಾಪ್ ಆದರೂ ಬೇರಿನ ಸಮೇತ ಮುರಿಯುವ ಸಂಭವವಿರುತ್ತದೆ.

ಈ) ಮುಂದಿನ ಚಿಕಿತ್ಸೆಗೆ ಅಡ್ಡಿ: ಕ್ಯಾಪ್ ಶಾಶ್ವತವಲ್ಲ. 20ನೇ ವಯಸ್ಸಿನಲ್ಲಿ ಹಾಕಿಸಿದ ಕ್ಯಾಪ್ 15 ವರ್ಷ ಬಾಳುವುದೆಂದು ಭಾವಿಸಿದರೂ, 65ನೇ ವಯಸ್ಸನ್ನು ತಲುಪುವಾಗ ಮೂರನೆಯ ಬದಲಾವಣೆಯ ಸಮಯ ಬಂದಿರುತ್ತದೆ. ಪ್ರತಿ ಬದಲಾವಣೆಯಲ್ಲೂ ಒಂದಿಷ್ಟು ಹಲ್ಲು ಹೋಗುವುದು ಸಹಜ. ಮೊದಲ ಸಲ ಉಳಿಸಿಕೊಂಡ ಭಾಗವೇ ಮುಂದಿನ ಚಿಕಿತ್ಸೆಗಳಿಗೆ ಆಧಾರ.

4. ಕಡಿಮೆ ತೇಯ್ದರೂ ತೊಂದರೆ

ಹಲ್ಲನ್ನು ಉಳಿಸಬೇಕೆಂದು ಅಗತ್ಯಕ್ಕಿಂತ ಕಡಿಮೆ ತೇಯ್ದಲ್ಲಿ ಕ್ಯಾಪ್ ಉಬ್ಬಿದಂತಾಗಿ ವಸಡಿನ ಬಳಿ ಆಹಾರ ಹಾಗೂ ಪಾಚಿ ಸೇರಿಕೊಳ್ಳುತ್ತದೆ. ವಸಡು ಊದಿಕೊಂಡು ರಕ್ತ ಒಸರುತ್ತದೆ. ಅಥವಾ ಪಿಂಗಾಣಿ ತೀರಾ ತೆಳುವಾಗಿ ಚಕ್ಕೆ ಏಳುತ್ತದೆ. ಆದ್ದರಿಂದ ಸಂರಕ್ಷಣೆ ಎಂದರೆ ಹಲ್ಲನ್ನು ಮುಟ್ಟದೆ ಬಿಡುವುದಲ್ಲ. ಆಯ್ದ ವಸ್ತುವಿಗೆ ಎಷ್ಟು ಬೇಕೋ ಅಷ್ಟನ್ನು, ಬೇಕಾದ ಕಡೆ ಮಾತ್ರ ತೆಗೆಯುವುದು. ಕಡಿಮೆ ದಪ್ಪ ಸಾಕಾಗುವ ವಸ್ತುವನ್ನು ಮೊದಲೇ ಆಯ್ದುಕೊಂಡಲ್ಲಿ ಹಲ್ಲೂ ಉಳಿಯುತ್ತದೆ, ಕ್ಯಾಪೂ ಬಾಳುತ್ತದೆ. ಉದಾಹರಣೆಗೆ, ನಗುವಾಗ ಕಾಣದ ಹಿಂಭಾಗದ ದವಡೆ ಹಲ್ಲಿಗೆ ಪಿಂಗಾಣಿ ಲೇಪದ ಬದಲು ಪೂರ್ಣ ಲೋಹ ಅಥವಾ ಜಿರ್ಕೋನಿಯಾ ಕ್ಯಾಪನ್ನು ಆಯ್ದುಕೊಳ್ಳಬಹುದು.

5. ಕ್ಯಾಪ್‌ಗೆ ಪರ್ಯಾಯಗಳು

ಹಿಂದೆ ಹುಳುಕು ಮತ್ತೆ ಬಾರದಿರಲೆಂದು ಸುತ್ತಲಿನ ಆರೋಗ್ಯವಂತ ಭಾಗವನ್ನೂ ತೆಗೆದು ತುಂಬುವ ಪದ್ಧತಿ ಇತ್ತು. 1955ರಲ್ಲಿ ಅಮೆರಿಕದ ಮೈಕೆಲ್ ಬ್ಯುನೊಕೋರ್ ಅವರು ಎನಾಮೆಲ್‌ಗೆ ಫಾಸ್ಫಾರಿಕ್ ಆಮ್ಲ ಸವರಿ, ಅದರ ಮೇಲ್ಮೈಗೆ ರಾಳವನ್ನು ಭದ್ರವಾಗಿ ಅಂಟಿಸಬಹುದೆಂದು ತೋರಿಸಿಕೊಟ್ಟರು. ಹಲ್ಲನ್ನು ಹೆಚ್ಚು ತೇಯದೆ ಅಂಟಿಸುವ ಇಂದಿನ ಚಿಕಿತ್ಸೆಗಳಿಗೆ ಇದೇ ತಳಹದಿ. ವಿಶ್ವ ದಂತವೈದ್ಯ ಒಕ್ಕೂಟವು 2002ರಲ್ಲಿ ಕನಿಷ್ಠ ಹಸ್ತಕ್ಷೇಪದ ದಂತಚಿಕಿತ್ಸೆಯನ್ನು ಬೆಂಬಲಿಸುವ ನೀತಿಯನ್ನು ಅಂಗೀಕರಿಸಿತು.

ಸಂದರ್ಭಕ್ಕೆ ತಕ್ಕಂತೆ ಈ ಕೆಳಕಂಡ ಪರ್ಯಾಯಗಳನ್ನು ವೈದ್ಯರೊಂದಿಗೆ ಚರ್ಚಿಸಬಹುದು.

ಅ) ಹುಳುಕು ಸೀಮಿತವಾಗಿದ್ದಲ್ಲಿ: ಹುಳುಕನ್ನು ತೆಗೆದು ಹಲ್ಲಿನ ಬಣ್ಣದ ವಸ್ತುವನ್ನು ತುಂಬಿಸುವುದು.

ಆ) ದವಡೆ ಹಲ್ಲಿನ ಉಬ್ಬುಗಳು ಮಾತ್ರ ಶಿಥಿಲವಾಗಿದ್ದಲ್ಲಿ: ಮೇಲ್ಮೈಯನ್ನಷ್ಟೇ ಮುಚ್ಚುವ ಆನ್‌ಲೇ ಎಂಬ ಅರೆಹೊದಿಕೆ. ಇದರಲ್ಲಿ ಹಲ್ಲಿನ ಬದಿಗಳ ಗೋಡೆಗಳು ಬಹುಪಾಲು ಉಳಿಯುತ್ತವೆ.

ಇ) ರೂಟ್ ಕೆನಾಲ್ ಚಿಕಿತ್ಸೆಯ ನಂತರ: ಅಗಿಯುವ ಒತ್ತಡ ಹೊರುವ ದವಡೆ ಹಲ್ಲುಗಳ ಉಬ್ಬುಗಳನ್ನು ಮುಚ್ಚುವುದು ಸಾಮಾನ್ಯವಾಗಿ ಅವಶ್ಯ. ಆದರೆ ಬಹುಪಾಲು ಗಟ್ಟಿಯಾಗಿ ಉಳಿದಿರುವ ಮುಂಭಾಗದ ಹಲ್ಲಿಗೆ ತುಂಬುವಿಕೆಯೇ ಸಾಕಾಗಬಹುದು. ರೂಟ್ ಕೆನಾಲ್ ಆದ ಪ್ರತಿಯೊಂದು ಹಲ್ಲಿಗೂ ಕ್ಯಾಪ್ ಕಡ್ಡಾಯವೆಂಬ ಭಾವನೆ ಸರಿಯಲ್ಲ.

ಈ) ಫ್ಲೋರೈಡ್ ಕಲೆಗಳಿದ್ದಲ್ಲಿ: ಕೋಲಾರ ಜಿಲ್ಲೆ, ತುಮಕೂರು ಜಿಲ್ಲೆಯ ಪಾವಗಡ, ಗದಗ ಜಿಲ್ಲೆಯ ಮುಂಡರಗಿ ಮೊದಲಾದ ಪ್ರದೇಶಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಅಧಿಕವಾಗಿ ಕಂಡುಬಂದಿದೆ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಇಂತಹ ನೀರನ್ನು ಕುಡಿದು ಬೆಳೆದವರ ಹಲ್ಲಿನಲ್ಲಿ ಬಿಳಿ ಅಥವಾ ಕಂದು ಕಲೆಗಳು ಉಳಿಯುತ್ತವೆ. ಮದುವೆ ಅಥವಾ ಉದ್ಯೋಗದ ಸಂದರ್ಶನ ಸಮೀಪಿಸಿದಾಗ ಯುವಕ ಯುವತಿಯರು ಮುಂಭಾಗದ ಎಲ್ಲ ಹಲ್ಲುಗಳಿಗೂ ಒಟ್ಟಿಗೆ ಕ್ಯಾಪ್ ಹಾಕಿಸಲು ಬಯಸುವುದುಂಟು. ಈ ಹಲ್ಲುಗಳು ಬಣ್ಣಗೆಟ್ಟಿದ್ದರೂ ಬಹುತೇಕ ಗಟ್ಟಿಯಾಗಿಯೇ ಇರುತ್ತವೆ. ಮೊದಲಿಗೆ ಮೇಲ್ಪದರವನ್ನು ಮಾತ್ರ ನವಿರಾಗಿ ಉಜ್ಜುವ ಚಿಕಿತ್ಸೆ, ಬಿಳುಪುಗೊಳಿಸುವಿಕೆ, ಬಳಿಕ ಅಗತ್ಯವಿದ್ದಲ್ಲಿ ಹಲ್ಲಿನ ಬಣ್ಣದ ಲೇಪ ಅಥವಾ ವೆನೀರ್, ಹೀಗೆ ಹಂತ ಹಂತವಾಗಿ ಮುಂದುವರಿಯುವುದು ಸೂಕ್ತ. ಎನಾಮೆಲ್ ಕಿತ್ತುಹೋಗಿ ಹಲ್ಲಿನ ಆಕಾರವೇ ಕೆಟ್ಟಿರುವ ತೀವ್ರ ಪ್ರಕರಣಗಳಲ್ಲಿ ಮಾತ್ರ ಪೂರ್ಣ ಕ್ಯಾಪ್ ಪರಿಗಣಿಸಬಹುದು.

ಉ) ಹಲ್ಲು ಇಲ್ಲದ ಜಾಗ ತುಂಬಲು: ಒಂದು ಹಲ್ಲು ಇಲ್ಲದಿದ್ದಲ್ಲಿ ಅಕ್ಕಪಕ್ಕದ ಎರಡು ಹಲ್ಲುಗಳನ್ನು ತೇಯ್ದು ಬ್ರಿಡ್ಜ್ ಕೂರಿಸಲಾಗುತ್ತದೆ. ಆ ಎರಡು ಹಲ್ಲುಗಳು ಆರೋಗ್ಯವಾಗಿದ್ದಲ್ಲಿ, ಒಂದರ ಸಲುವಾಗಿ ಎರಡನ್ನು ತೇಯುವ ಮುನ್ನ ಯೋಚಿಸಬೇಕು. ತೆಗೆದು ಹಾಕಬಹುದಾದ ಹಲ್ಲಿನ ಸೆಟ್, ದವಡೆಯ ಮೂಳೆಗೆ ಅಳವಡಿಸುವ ಇಂಪ್ಲಾಂಟ್, ಅಥವಾ ಪಕ್ಕದ ಹಲ್ಲಿನ ಹಿಂಬದಿಗೆ ಅಂಟಿಸುವ ಮೇರಿಲ್ಯಾಂಡ್ ಬ್ರಿಡ್ಜ್ ಇದಕ್ಕೆ ಪರ್ಯಾಯಗಳು.

ಊ) ಮಕ್ಕಳ ಹಾಲುಹಲ್ಲಿಗೆ: ಸ್ಕಾಟ್ಲೆಂಡಿನ ದಂತವೈದ್ಯೆ ನಾರ್ನಾ ಹಾಲ್ ಅವರು ರೂಢಿಸಿದ ವಿಧಾನದಲ್ಲಿ ಹುಳುಕಾದ ದವಡೆಯ ಹಾಲುಹಲ್ಲನ್ನು ತೇಯದೆ, ಹುಳುಕನ್ನು ಕೊರೆಯದೆ, ಸಿದ್ಧ ಉಕ್ಕಿನ ಕ್ಯಾಪನ್ನು ಸಿಮೆಂಟಿನೊಂದಿಗೆ ಒತ್ತಿ ಕೂರಿಸಲಾಗುತ್ತದೆ. ಒಳಗೆ ಮುಚ್ಚಿಹೋದ ಹುಳುಕಿಗೆ ಆಹಾರ ಸಿಗದೆ ಅದರ ಬೆಳವಣಿಗೆ ನಿಲ್ಲುತ್ತದೆ. 2006ರಲ್ಲಿ ಇದರ ಫಲಿತಾಂಶಗಳು ಪ್ರಕಟವಾದ ನಂತರ ಈ ವಿಧಾನವು ಅನೇಕ ದೇಶಗಳಲ್ಲಿ ಬಳಕೆಗೆ ಬಂದಿದೆ. ನೋವು, ಬಾವು ಅಥವಾ ಕೀವು ಇರುವ ಹಲ್ಲಿಗೆ ಇದು ಸಲ್ಲದು.

6. ಹಲ್ಲನ್ನು ಉಳಿಸುವ ಚಿಕಿತ್ಸಾ ಕ್ರಮಗಳು

ಕ್ಯಾಪ್ ಹಾಕುವುದೇ ಸೂಕ್ತವೆಂದು ನಿರ್ಧಾರವಾದಲ್ಲಿ, ಚಿಕಿತ್ಸೆಯ ಹಂತಗಳಲ್ಲಿ ಈ ಕೆಳಕಂಡ ಕ್ರಮಗಳು ಸಹಜ ಹಲ್ಲನ್ನು ಉಳಿಸಲು ನೆರವಾಗುತ್ತವೆ.

* ಮೊದಲಿಗೆ ಎಕ್ಸ್-ರೇ ತೆಗೆದು ಹುಳುಕಿನ ಆಳ, ತಿರುಳಿನ ಗಾತ್ರ ಮತ್ತು ಬೇರಿನ ಸ್ಥಿತಿಯನ್ನು ಪರಿಶೀಲಿಸುವುದು.
* ಹಳೆಯ ತುಂಬುವಿಕೆ ಮತ್ತು ಹುಳುಕನ್ನು ತೆಗೆದು, ಕುಳಿಯನ್ನು ತುಂಬಿ ಗಟ್ಟಿಗೊಳಿಸಿದ ನಂತರವೇ ತೇಯುವುದು.
* ತೇಯುವ ಮುನ್ನ ಹಲ್ಲಿನ ಮೂಲ ಆಕಾರದ ಅಚ್ಚು ತೆಗೆದಿಟ್ಟುಕೊಂಡು, ತೇಯುವಾಗ ಅದನ್ನು ಮತ್ತೆ ಮತ್ತೆ ಹೊಂದಿಸಿ ನೋಡುವುದು.
* ಹಲ್ಲಿನ ಮೇಲೆ ನಿಗದಿತ ಆಳದ ಗೀರುಗಳನ್ನು ಹಾಕಿ, ಆ ಆಳ ತಲುಪಿದೊಡನೆ ನಿಲ್ಲಿಸುವುದು. ಕಣ್ಣಂದಾಜಿನಲ್ಲಿ ತೇಯ್ದರೆ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಆಗುವ ಸಂಭವವಿರುತ್ತದೆ.
* ಮೇಲ್ಮೈಯನ್ನು ಚಪ್ಪಟೆಯಾಗಿಸದೆ ಹಲ್ಲಿನ ಉಬ್ಬುತಗ್ಗುಗಳನ್ನು ಅನುಸರಿಸಿ ತೇಯುವುದು.
* ಹುಳುಕು ಅಥವಾ ಮುರಿತ ಕೆಳಗೆ ಇಳಿದಿರದಿದ್ದಲ್ಲಿ ಕ್ಯಾಪಿನ ಅಂಚನ್ನು ವಸಡಿನ ಮೇಲೆಯೇ ನಿಲ್ಲಿಸುವುದು. ಇದರಿಂದ ಹಲ್ಲೂ ಉಳಿಯುತ್ತದೆ, ಶುಚಿಗೊಳಿಸುವುದೂ ಸುಲಭ.
* ತೇಯ್ದ ದಿನವೇ ತಾತ್ಕಾಲಿಕ ಕ್ಯಾಪ್ ಹಾಕಿ, ತೆರೆದ ಡೆಂಟಿನನ್ನು ರಕ್ಷಿಸುವುದು.

7. ಒಪ್ಪಿಗೆ ನೀಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಹಲ್ಲನ್ನು ತೇಯುವುದು ಹಿಂತೆಗೆದುಕೊಳ್ಳಲಾಗದ ಕ್ರಿಯೆಯಾದುದರಿಂದ, ವಿವರಣೆ ಪಡೆಯುವುದು ರೋಗಿಯ ಹಕ್ಕು. ಈ ಕೆಳಕಂಡ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬಹುದು.

(1) ಈ ಹಲ್ಲಿಗೆ ಕ್ಯಾಪ್ ಏಕೆ ಬೇಕು? ತುಂಬುವಿಕೆ ಅಥವಾ ಅರೆಹೊದಿಕೆ ಸಾಕಾಗದೆ?
(2) ಯಾವ ವಸ್ತುವಿನ ಕ್ಯಾಪ್? ಅದಕ್ಕಾಗಿ ಎಷ್ಟು ತೇಯಬೇಕಾಗುತ್ತದೆ?
(3) ತೇಯ್ದ ನಂತರ ಎಷ್ಟು ಗಟ್ಟಿ ಹಲ್ಲು ಉಳಿಯುತ್ತದೆ?
(4) ತಿರುಳು ಜೀವಂತವಾಗಿದೆಯೇ? ಕ್ಯಾಪ್ ಕೂರಿಸುವ ಸಲುವಾಗಿಯೇ ರೂಟ್ ಕೆನಾಲ್ ಮಾಡಲಾಗುತ್ತಿದೆಯೇ?
(5) ಈಗ ಚಿಕಿತ್ಸೆ ಪಡೆಯದೆ ಕೆಲವು ತಿಂಗಳು ಕಾದರೆ ಏನಾಗಬಹುದು?

ಉತ್ತರ ಸಮಾಧಾನಕರವಾಗಿ ತೋರದಿದ್ದಲ್ಲಿ ಮತ್ತೊಬ್ಬ ನೋಂದಾಯಿತ ದಂತವೈದ್ಯರ ಅಭಿಪ್ರಾಯ ಪಡೆಯಬಹುದು. ತೀವ್ರ ನೋವು ಅಥವಾ ಬಾವು ಇರುವ ಸಂದರ್ಭಗಳನ್ನು ಹೊರತುಪಡಿಸಿದರೆ, ಕ್ಯಾಪ್ ವಿಷಯದಲ್ಲಿ ಅದೇ ದಿನ ತೀರ್ಮಾನಿಸಬೇಕಾದ ಪ್ರಸಂಗ ಅಪರೂಪ.

8. ಸೇವೆ ಪಡೆಯುವವರ ಗಮನಕ್ಕೆ

ದಂತ ವಿಭಾಗವಿರುವ ತಾಲ್ಲೂಕು ಮತ್ತು ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲಿ ತಪಾಸಣೆ ಹಾಗೂ ಪ್ರಾಥಮಿಕ ಚಿಕಿತ್ಸೆ ಪಡೆಯಬಹುದು. ಕ್ಯಾಪ್ ತಯಾರಿಸುವ ಪ್ರಯೋಗಾಲಯವು ಎಲ್ಲ ಆಸ್ಪತ್ರೆಗಳಲ್ಲಿಯೂ ಇರುವುದಿಲ್ಲವಾದುದರಿಂದ, ಅಲ್ಲಿನ ವೈದ್ಯರ ಸಲಹೆಯಂತೆ ದಂತ ವೈದ್ಯಕೀಯ ಮಹಾವಿದ್ಯಾಲಯಗಳಿಗೆ ತೆರಳಬೇಕಾಗಬಹುದು. ಅಲ್ಲಿ ಹಲ್ಲು ತುಂಬುವಿಕೆ ಮತ್ತು ರೂಟ್ ಕೆನಾಲ್ ಚಿಕಿತ್ಸೆಯನ್ನು ದಂತ ಸಂರಕ್ಷಣಾ ವಿಭಾಗವೂ, ಕ್ಯಾಪ್, ಬ್ರಿಡ್ಜ್ ಮತ್ತು ಹಲ್ಲಿನ ಸೆಟ್ಟುಗಳನ್ನು ಕೃತಕ ದಂತ ಜೋಡಣಾ ವಿಭಾಗವೂ ನೋಡಿಕೊಳ್ಳುತ್ತವೆ.

ಸೇವೆಗೆ ಬರುವಾಗ ಹಿಂದಿನ ಎಕ್ಸ್-ರೇ, ಚಿಕಿತ್ಸಾ ಚೀಟಿ, ಸೇವಿಸುತ್ತಿರುವ ಔಷಧಿಗಳ ವಿವರ ಮತ್ತು ಗುರುತಿನ ಚೀಟಿಯನ್ನು ತರುವುದು ಅನುಕೂಲಕರ. ಶುಲ್ಕ ರಿಯಾಯಿತಿ ಕೋರುವವರು ಅದಕ್ಕೆ ಅಗತ್ಯವಾದ ದಾಖಲೆಗಳ ವಿವರವನ್ನು ಆಯಾ ಸಂಸ್ಥೆಯ ಹೊರರೋಗಿ ವಿಭಾಗದಲ್ಲಿ ಮುಂಚಿತವಾಗಿ ವಿಚಾರಿಸತಕ್ಕದ್ದು. ಕ್ಯಾಪ್ ಚಿಕಿತ್ಸೆಗೆ ಸಾಮಾನ್ಯವಾಗಿ ಎರಡು ಅಥವಾ ಹೆಚ್ಚು ಬಾರಿ ಬರಬೇಕಾಗುತ್ತದೆ. ಹಲ್ಲನ್ನು ತೇಯಿಸಿಕೊಂಡು ಮುಂದಿನ ಭೇಟಿಗೆ ಬಾರದೆ ಉಳಿದಲ್ಲಿ ಹಲ್ಲು ಹಾಳಾಗುವುದಲ್ಲದೆ, ಪಕ್ಕದ ಹಾಗೂ ಎದುರಿನ ಹಲ್ಲುಗಳು ಸರಿದು, ತಯಾರಾದ ಕ್ಯಾಪ್ ಹೊಂದಿಕೆಯಾಗದೆ ಹೋಗಬಹುದು. ಆದುದರಿಂದ ಎಲ್ಲ ಭೇಟಿಗಳಿಗೂ ಬರಲು ಸಾಧ್ಯವಾಗುವ ಸಮಯವನ್ನು ನೋಡಿಕೊಂಡು ಚಿಕಿತ್ಸೆ ಆರಂಭಿಸಲು ಕೋರಲಾಗಿದೆ.

9. ಕ್ಯಾಪ್ ಹಾಕಿಸಿದ ನಂತರ

ಕ್ಯಾಪಿಗೆ ಹುಳುಕು ಹಿಡಿಯದು. ಆದರೆ ಕ್ಯಾಪ್ ಮುಗಿದು ಹಲ್ಲು ಆರಂಭವಾಗುವ ಅಂಚಿನಲ್ಲಿ ಹಿಡಿಯುತ್ತದೆ. ದಿನಕ್ಕೆ ಎರಡು ಬಾರಿ ಫ್ಲೋರೈಡ್‌ಯುಕ್ತ ಪೇಸ್ಟಿನಿಂದ ಹಲ್ಲುಜ್ಜಿ, ಹಲ್ಲುಗಳ ಸಂದನ್ನು ದಾರ ಅಥವಾ ಸಣ್ಣ ಬ್ರಷ್‌ನಿಂದ ಶುಚಿಗೊಳಿಸಬೇಕು. ಅಡಿಕೆ ಹಾಗೂ ಗುಟ್ಕಾ ಜಗಿಯುವ ಅಭ್ಯಾಸವು ಹಲ್ಲನ್ನೂ ಕ್ಯಾಪನ್ನೂ ಸವೆಸುವುದಲ್ಲದೆ ಬಾಯಿಯ ಕ್ಯಾನ್ಸರಿಗೆ ಕಾರಣವಾಗುತ್ತದೆ. ಚಿಕಿತ್ಸೆಗೆ ಮೊದಲೇ ಇದನ್ನು ತ್ಯಜಿಸುವುದು ಅವಶ್ಯ. ನಿದ್ರೆಯಲ್ಲಿ ಹಲ್ಲು ಕಡಿಯುವವರು ಅದನ್ನು ವೈದ್ಯರಿಗೆ ತಿಳಿಸತಕ್ಕದ್ದು. ಕ್ಯಾಪ್ ಸಡಿಲವಾದಲ್ಲಿ ಅಂಗಡಿಯಲ್ಲಿ ಸಿಗುವ ಅಂಟನ್ನು ಬಳಸದೆ, ಕ್ಯಾಪನ್ನು ಜೋಪಾನವಾಗಿಟ್ಟುಕೊಂಡು ಕೂಡಲೇ ದಂತವೈದ್ಯರನ್ನು ಕಾಣಬೇಕು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕ್ಯಾಪ್ ಹಾಕಿಸಲು ರೂಟ್ ಕೆನಾಲ್ ಕಡ್ಡಾಯವೇ?
ಉತ್ತರ: ಇಲ್ಲ. ತಿರುಳು ಆರೋಗ್ಯವಾಗಿದ್ದಲ್ಲಿ ಅದನ್ನು ಉಳಿಸಿಕೊಂಡೇ ಕ್ಯಾಪ್ ಹಾಕಬಹುದು.

ಪ್ರಶ್ನೆ: ತೇಯುವಾಗ ನೋವಾಗುತ್ತದೆಯೇ?
ಉತ್ತರ: ತಿರುಳು ಜೀವಂತವಿರುವ ಹಲ್ಲಿಗೆ ಸ್ಥಳೀಯ ಅರಿವಳಿಕೆ ನೀಡಲಾಗುತ್ತದೆ. ನಂತರ ಕೆಲವು ದಿನ ಬಿಸಿ ಮತ್ತು ತಂಪಿಗೆ ಜುಮ್ಮೆನ್ನುವುದು ಸಹಜ. ಅದು ಹೆಚ್ಚುತ್ತಾ ಹೋದಲ್ಲಿ ಅಥವಾ ರಾತ್ರಿ ತಾನಾಗಿಯೇ ನೋವು ಬಂದಲ್ಲಿ ವೈದ್ಯರಿಗೆ ತೋರಿಸಬೇಕು.

ಪ್ರಶ್ನೆ: ಬೆಲೆ ಹೆಚ್ಚಿನ ಕ್ಯಾಪ್ ಹಲ್ಲಿಗೆ ಹೆಚ್ಚು ಒಳ್ಳೆಯದೇ?
ಉತ್ತರ: ಹಾಗೆ ಹೇಳಲಾಗದು. ಬೆಲೆಯು ವಸ್ತು ಮತ್ತು ತಯಾರಿಕೆಗೆ ಸಂಬಂಧಿಸಿದ್ದು. ಹಲ್ಲಿನ ಬಾಳಿಕೆಯು ಕ್ಯಾಪಿನ ಒಳಗೆ ಉಳಿದ ಸಹಜ ಹಲ್ಲಿನ ಪ್ರಮಾಣ ಮತ್ತು ಅಂಚಿನ ಹೊಂದಿಕೆಯನ್ನು ಅವಲಂಬಿಸಿದೆ.

ಪ್ರಶ್ನೆ: ಈಗಾಗಲೇ ತೇಯ್ದ ಹಲ್ಲನ್ನು ಕ್ಯಾಪ್ ಇಲ್ಲದೆ ಬಿಡಬಹುದೇ?
ಉತ್ತರ: ಬಿಡಬಾರದು. ಪೂರ್ಣವಾಗಿ ತೇಯ್ದ ಹಲ್ಲಿಗೆ ಜೀವನಪರ್ಯಂತ ಹೊದಿಕೆ ಬೇಕಾಗುತ್ತದೆ.

ಸೂಚನೆ: ಈ ಪುಟದಲ್ಲಿ ನೀಡಿರುವ ವಿವರಗಳು ಸಾರ್ವಜನಿಕರ ಸಾಮಾನ್ಯ ತಿಳುವಳಿಕೆಗಾಗಿ ಮಾತ್ರ. ಅಳತೆಗಳು ಹಲ್ಲಿನ ಸ್ಥಿತಿಗೆ ಅನುಗುಣವಾಗಿ ವ್ಯತ್ಯಾಸವಾಗುತ್ತವೆ. ಚಿಕಿತ್ಸೆಯ ಬಗ್ಗೆ ತೀರ್ಮಾನವನ್ನು ನೋಂದಾಯಿತ ದಂತವೈದ್ಯರ ತಪಾಸಣೆಯ ನಂತರ, ಮೇಲ್ಕಂಡ ಅಂಶಗಳನ್ನು ಅವರೊಂದಿಗೆ ಚರ್ಚಿಸಿ ಕೈಗೊಳ್ಳಲು ಸಾರ್ವಜನಿಕರನ್ನು ಕೋರಲಾಗಿದೆ.